ತಟ್ಟಿದ್ದು ಕೇಳಿಸಿತ್ತು

ದೀಪ ಇರಲಿ, ಆರಿಸಬೇಡಿ. ಈ ಕತೆ ಹೇಳುವಾಗ ನನಗೇ ಬೆನ್ನ ಹಿಂದೆ ಒಂದು ಗೋಡೆ ಬೇಕು.

ಇದು ನಡೆದದ್ದು ನನ್ನ ಸೋದರತ್ತೆಯ ಮಗಳಿಗೆ. ಚಿಕ್ಕಂದಿನಲ್ಲಿ ನೀರಿಗಿಳಿದರೆ ಮೇಲೆ ಬರುತ್ತಿರಲಿಲ್ಲ, ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಬಾತು. ಕಸುಬಿನಲ್ಲಿ ದರ್ಜಿ. ಹಗಲೆಲ್ಲ ಶಾಲೆ ಮಕ್ಕಳ ಯೂನಿಫಾರ್ಮು ಹೊಲಿಯುವುದು, ಸಂಜೆಯಾದರೆ ದೋಣಿ ಕಟ್ಟುವ ಧಕ್ಕೆಗೆ ಓಡುವುದು. ಅಲ್ಲಿ ಅವಳ ಅಣ್ಣನ ಪುಟ್ಟ ಹಾಯಿದೋಣಿ ಕಟ್ಟಿತ್ತು. ಅದರಲ್ಲಿ ಒಬ್ಬಳೇ ಸಮುದ್ರಕ್ಕೆ ಹೋಗಬೇಕು ಅನ್ನುವುದು ಅವಳ ಹಟ.

ಆ ರಾತ್ರಿ ದೋಣಿಯ ಕೆಲಸ ಮುಗಿಸಿ ಮನೆಗೆ ಹೊರಟಾಗ ದಾರಿಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಧಕ್ಕೆ ದಾಟಿದ ಮೇಲೆ ಒಂದು ಹಾಳುಬಾವಿ, ಬಾಯಿಗೆ ತಗಡು ಮುಚ್ಚಿದ್ದಾರೆ. ಅದರ ಪಕ್ಕಕ್ಕೆ ಬಂದಳು...

ಡಬ್... ಡಬ್.

ನಿಂತಳು. ತಗಡಿನ ಮೇಲೆ ಏನಾದರೂ ಬಿದ್ದರೆ ಠಣ್ ಅನ್ನಬೇಕು. ಇದು ಟೊಳ್ಳು ಹಲಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿದ ಸದ್ದು. ದೋಣಿಯ ಕ್ಯಾಬಿನ್ ಮಾಡಿನ, ಅಂದರೆ ಅದರ ಚಾವಣಿಯ, ಸದ್ದು. ಆದರೆ ದೋಣಿ ಅಲ್ಲಿದೆ, ಇವಳು ಇಲ್ಲಿದ್ದಾಳೆ.

ಎದ್ದೆನೋ ಬಿದ್ದೆನೋ ಅಂತ ಓಡಿದಳು.

ಆ ಸದ್ದಿನ ಹಿನ್ನೆಲೆ ಹೇಳದಿದ್ದರೆ ನಿಮಗೆ ತಲೆಬುಡ ತಿಳಿಯುವುದಿಲ್ಲ. ಅಣ್ಣ ದೋಣಿ ಇಂಜಿನ್ ರಿಪೇರಿ ಮಾಡುತ್ತಿದ್ದವನು, ಎಡಚ, ಮಹಾ ಶಿಸ್ತಿನ ಮನುಷ್ಯ. ತಂಗಿಗೆ ಹಾಯಿ ಎತ್ತುವುದರಿಂದ ಹಿಡಿದು ಎಲ್ಲ ಕಲಿಸಿದವನು ಅವನೇ. ಕತ್ತಲಲ್ಲಿ ಗಂಟು ಹಾಕುವುದು, ಅಡುಗೆಮನೆಯ ಟೈಮರ್ ಇಟ್ಟುಕೊಂಡು ತುಂಡು ತುಂಡಾಗಿ ನಿದ್ದೆ ಮಾಡುವುದು... ಊಟ ಆದ ಮೇಲೆ ನಾವು ಮಾಡುವುದೂ ಅದನ್ನೇ, ಆದರೆ ಯಾರೂ ನಮ್ಮನ್ನು ನಾವಿಕರು ಅನ್ನುವುದಿಲ್ಲ.

ಇಬ್ಬರೂ ಅಭ್ಯಾಸಕ್ಕೆ ಹೋದಾಗ ಅಣ್ಣನದು ಒಂದೇ ನಿಯಮ. ದೋಣಿಯ ಮೇಲಿರುವವರ ಸೊಂಟದ ಪಟ್ಟಿಯಿಂದ ಒಂದು ಹಗ್ಗ, ಅದರ ತುದಿಯ ಕೊಕ್ಕೆ ಅಂಚಿನ ತಂತಿಗೆ. ಆದರೆ ಮೂತಿಯ ಕಡೆ, ಅಂದರೆ ದೋಣಿಯ ಮುಂತುದಿಗೆ, ಹೋಗಬೇಕಾದರೆ ನಡುವಿನಲ್ಲಿ ಒಂದು ಕಡೆ ಆ ತಂತಿ ಮುಗಿಯುತ್ತದೆ. ಕೊಕ್ಕೆ ಬಿಚ್ಚಿ ಇನ್ನೊಂದು ತಂತಿಗೆ ಹಾಕಬೇಕು. ಆ ಒಂದು ಗಳಿಗೆ ಮನುಷ್ಯನನ್ನು ಹಿಡಿದುಕೊಂಡಿರುವುದು ಯಾವುದೂ ಇಲ್ಲ. ಹಾಗಾಗಿ ರಾತ್ರಿ ಮುಂದೆ ಹೋಗುವವರು ಕ್ಯಾಬಿನ್ ಮಾಡಿಗೆ ಎರಡು ಸಲ ತಟ್ಟಬೇಕು. ಒಳಗೆ ಮಲಗಿದವರು ಎದ್ದು ಬಂದು, ಬಾಗಿಲಲ್ಲಿ ನಿಂತು, ಆಮೇಲೆ ಒಂದು ಸಲ ತಟ್ಟಬೇಕು. ನಾನಿದ್ದೀನಿ, ನೋಡ್ತಿದ್ದೀನಿ ಅಂತ ಅರ್ಥ. ಉತ್ತರ ಬಾರದೆ ಅಣ್ಣ ಒಂದು ಹೆಜ್ಜೆ ಇಡುವವನಲ್ಲ.

ಹೋದ ವರ್ಷ ಒಂದು ರಾತ್ರಿ ಮುಂದಿನ ಹಾಯಿ ಕಳಚಿಕೊಂಡಿತು. ಅಣ್ಣ ಎರಡು ಸಲ ತಟ್ಟಿದ. ಬಾತು ಬೆಚ್ಚಗೆ ಹೊದ್ದು ಮಲಗಿದ್ದಳು. ಏಳಲಿಲ್ಲ. ಮಲಗಿದ್ದಲ್ಲಿಂದಲೇ ಕೈ ಎತ್ತಿ ಮಾಡಿಗೆ ಒಂದು ತಟ್ಟಿದಳು. ಈಗ ಏಳ್ತೀನಿ, ಈಗ ಏಳ್ತೀನಿ ಅಂದುಕೊಂಡೇ ನಿದ್ದೆ ಹೋದಳು.

ಎಚ್ಚರವಾದಾಗ ಹಾಯಿ ಪಟಪಟ ಹೊಡೆದುಕೊಳ್ಳುತ್ತಿತ್ತು. ದೋಣಿಯಲ್ಲಿ ಅವಳೊಬ್ಬಳೇ. ಎಷ್ಟು ಹುಡುಕಿದರೂ ಅಣ್ಣ ಸಿಗಲಿಲ್ಲ.

ದಡಕ್ಕೆ ಬಂದಾಗ ಎಲ್ಲರೂ ಕೇಳಿದರು. ಬಾತು ಹೇಳಿದ್ದು ಒಂದೇ ಮಾತು: “ಅವನು ತಟ್ಟಲೇ ಇಲ್ಲ.”

ಹೇಳಿ ಮುಗಿಯುವಷ್ಟರಲ್ಲೇ ಅದನ್ನು ವಾಪಸು ತೆಗೆದುಕೊಳ್ಳಬೇಕು ಅನ್ನಿಸಿತಂತೆ. ಆದರೆ ಆಡಿದ ಮಾತು ಆಡಿಯಾಗಿತ್ತು. ನಿಯಮ ಮಾಡಿದವನೇ ಮುರಿದ, ಕೊಬ್ಬು ಅಂತ ಊರು ಆಡಿಕೊಂಡಿತು. ಅತ್ತಿಗೆ, ಅಂದರೆ ಅಣ್ಣನ ಹೆಂಡತಿ, ಗಣಿತದ ಟೀಚರು. ಅವರು ಅತ್ತಿದ್ದಕ್ಕಿಂತ ಗಂಡನನ್ನು ಬೈದದ್ದೇ ಹೆಚ್ಚು. “ಎರಡು ಸಲ ತಟ್ಟೋಕೆ ಏನಾಗಿತ್ತು ನಿಮ್ಮಣ್ಣಂಗೆ? ನಾನೊಬ್ಬಳು ಇದ್ದೀನಿ ಅಂತ ನೆನಪಿರಲಿಲ್ವಾ?” ಪ್ರತಿ ಸಲವೂ ಬಾತು ತಲೆ ತಗ್ಗಿಸಿ ಕೇಳುತ್ತಿದ್ದಳು. ಎಷ್ಟೋ ಸಲ ನಿಜ ಹೇಳಲು ಬಾಯಿ ತೆರೆದಳು, ನಾಲಿಗೆ ಏಳಲಿಲ್ಲ. ಅದರ ಮೇಲೆ ಅತ್ತಿಗೆಯೇ ದೋಣಿ ಅವಳಿಗೆ ಕೊಟ್ಟುಬಿಟ್ಟರು. ನೀನಾದರೂ ಜೋಪಾನವಾಗಿ ಹೋಗಿ ಬಾ ಅಂದರು. ಅವರು ಒಂದು ಏಟು ಹಾಕಿದ್ದರೂ ವಾಸಿಯಿತ್ತು ಅನ್ನಿಸಿತಂತೆ ಅವಳಿಗೆ.

ಬಾವಿಯ ಹತ್ತಿರ ಕೇಳಿದ ಮೇಲೆ ಸದ್ದು ದೋಣಿಗೂ ಬಂತು. ನಿದ್ದೆಯ ಅಭ್ಯಾಸಕ್ಕೆ ಅಲ್ಲೇ ಮಲಗಿದರೆ ತಲೆಯ ಮೇಲೆ... ಡಬ್ ಡಬ್. ಉಸಿರು ಬಿಗಿಹಿಡಿದು ಮಲಗಿರುತ್ತಿದ್ದಳು. ಉತ್ತರ ಕೊಡದಿದ್ದರೆ ಮತ್ತೇನೂ ಇಲ್ಲ. ಆದರೆ ಒಂದು ರಾತ್ರಿ ನಿದ್ದೆಗಣ್ಣಲ್ಲಿ ಕೈ ತಾನಾಗಿ ಮೇಲೆದ್ದು ತಟ್ಟಿಬಿಟ್ಟಿತು.

ಮಾಡಿನ ಮೇಲೆ ಬರಿಗಾಲಿನ ಸದ್ದು. ಧಪ್... ಧಪ್... ತಂತಿಯ ಮೇಲೆ ಕೊಕ್ಕೆ ಎಳೆದ ಸದ್ದು. ಸರ್ರ್... ಆಮೇಲೆ ಕೊಕ್ಕೆ ಬಿಚ್ಚಿದ್ದು. ಕಟ್.

ಇನ್ನೊಂದು ಕಟ್‌ಗೆ ಕಾದಳು. ಬೆಳಗಿನ ತನಕ ಕಾದಳು... ಅದು ಬರಲೇ ಇಲ್ಲ.

ಒಬ್ಬಳೇ ಸಮುದ್ರಕ್ಕೆ ಹೊರಡುವ ಹಿಂದಿನ ರಾತ್ರಿ ಅತ್ತಿಗೆ ದೋಣಿಗೆ ಬಂದರು. “ನಾಳೆಯಿಂದ ಒಂಟಿ ಪಿಶಾಚಿ ಥರ ಇರ್ತೀಯ, ಇವತ್ತು ನಾನು ಜೊತೆಗಿರ್ತೀನಿ ಕಣೇ” ಅಂದರು. ಅವರು ನಗಿಸಲು ಹೇಳಿದ್ದು. ಬಾತುವಿಗೆ ನಗು ಬರಲಿಲ್ಲ. ಮುಂದಿನ ಹಾಯಿ ಮೂತಿಯ ಹತ್ತಿರ ಬಿಡಿಯಾಗಿ ಬಿದ್ದಿತ್ತು, ಪಕ್ಕದಲ್ಲಿ ಆ ಸಂಜೆ ತಂದ ಹೊಸ ಹಗ್ಗದ ಸುರುಳಿ. ಬೆಳಿಗ್ಗೆ ಕಟ್ಟಿದರಾಯಿತು ಅಂತ ಇಬ್ಬರೂ ಮಲಗಿದರು.

ಡಬ್... ಡಬ್.

ಅತ್ತಿಗೆ ಕತ್ತಲಲ್ಲಿ ಪಿಸುಗುಟ್ಟಿದರು. “ಏನೇ ಅದು?”

“ಗಾಳಿ.”

“ಇವತ್ತು ಗಾಳಿ ಎಲ್ಲಿದೆ?”

ಡಬ್... ಡಬ್.

ಅತ್ತಿಗೆ ಎದ್ದು ಕೂತರು. ಆ ನಿಯಮ ಅವರಿಗೂ ಬಾಯಿಪಾಠ. ನಿಧಾನವಾಗಿ ಕೈ ಮಾಡಿನತ್ತ ಹೋಯಿತು. ಬಾತು ಚಂಗನೆ ನೆಗೆದು ಆ ಕೈ ಹಿಡಿದಳು.

“ಬೇಡ ಅತ್ತಿಗೆ! ತಟ್ಟಬೇಡಿ... ತಟ್ಟಿದ್ರೆ ಅವನು ಮುಂದೆ ಹೋಗ್ತಾನೆ.”

“ಯಾರು?”

ಬಾತು ಆ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದಳು.

“ನಿಮ್ಮಣ್ಣ ತಟ್ಟಲೇ ಇಲ್ಲ ಅಂದಿದ್ದೆಯಲ್ಲೇ?”

“ತಟ್ಟಿದ್ದ... ಕೇಳಿಸಿತ್ತು. ಮಲಗಿದ್ದಲ್ಲಿಂದಲೇ ಉತ್ತರ ಕೊಟ್ಟೆ ಅತ್ತಿಗೆ. ಏಳಲಿಲ್ಲ. ನನ್ನ ನಂಬಿ ಹೋದ.”

ಅತ್ತಿಗೆ ಬೈಯಲಿಲ್ಲ, ಅಳಲೂ ಇಲ್ಲ. ಒಂದೇ ಮಾತು ಅಂದರು. “ಒಂದು ವರ್ಷ ಅವರನ್ನ ಬೈದೆ ನಾನು... ಸತ್ತವರನ್ನ ಬೈದೆ. ನೀನು ಕೇಳಿಸ್ಕೊಂಡು ಕೂತಿದ್ದೆ.”

ಕೈ ಬಿಡಿಸಿಕೊಂಡರು. ಮೆಟ್ಟಿಲು ಹತ್ತಿದರು. ಬಾಗಿಲು ಸರಿಸಿ, ಸೊಂಟದ ತನಕ ಹೊರಗೆ ನಿಂತು, ಮೂತಿಯ ಕಡೆ ಮುಖ ಮಾಡಿದರು. ಆಮೇಲೆ ಮಾಡಿಗೆ ಒಂದು ಸಲ ತಟ್ಟಿದರು.

ಧಪ್... ಧಪ್... ಸರ್ರ್...

ಕಟ್.

ಬಾತು ಬಾಯಿಗೆ ಹೊದಿಕೆ ತುರುಕಿಕೊಂಡಳು.

...

ಕಟ್.

ಎರಡನೆಯದು! ಅಷ್ಟೇ ಸ್ಪಷ್ಟವಾಗಿ, ಹಾಕಿಕೊಂಡ ಸದ್ದು. ಆಮೇಲೆ ಮೂತಿಯ ಕಡೆ ಹಾಯಿಬಟ್ಟೆ ಮಡಚುವ ಸದ್ದು. ಸ್ವಲ್ಪ ಹೊತ್ತಿಗೆ ಹೆಜ್ಜೆಗಳು ವಾಪಸು ಬಂದವು. ಬಾಗಿಲ ಹತ್ತಿರ, ಅತ್ತಿಗೆ ನಿಂತಲ್ಲಿ, ನಿಂತವು.

ಏನು ಕಂಡಿತು ಅಂತ ಅತ್ತಿಗೆ ಇವತ್ತಿಗೂ ಯಾರಿಗೂ ಹೇಳಿಲ್ಲ. ಬೆಳಗಾಗುವ ತನಕ ಅಲ್ಲಿಂದ ಕದಲಲಿಲ್ಲ. ಬೆಳಕು ಹರಿದಾಗ ಬಾತುವಿನ ಮುಖ ಕೂಡ ನೋಡದೆ ಇಳಿದು ಹೋದರು. ಆ ವಾರವೆಲ್ಲ ಮನೆಮನೆಗೆ ಹೋಗಿ, “ಅವರು ತಟ್ಟಿದ್ರಂತೆ, ತಪ್ಪು ಅವರದಲ್ಲ” ಅಂತ ಹೇಳಿಬಂದರು. ನಮ್ಮ ಮನೆಗೂ ಬಂದಿದ್ದರು. ಬಾತುವಿನ ಹೆಸರು ಬಂದರೆ ಎದ್ದು ಹೊರಡುತ್ತಾರೆ.

ನೀವು ನಗಬಹುದು. ಎರಡು ಹೆಂಗಸರು ಹೆದರಿ ಏನೋ ಕೇಳಿಸಿಕೊಂಡರು ಅನ್ನಬಹುದು. ನಾನೂ ಹಾಗೇ ಅಂದುಕೊಂಡು ಧಕ್ಕೆಗೆ ಹೋದೆ. ದೋಣಿ ಇನ್ನೂ ಅಲ್ಲೇ ಕಟ್ಟಿದೆ. ಮುಂದಿನ ಹಾಯಿ ಅಚ್ಚುಕಟ್ಟಾಗಿ ಮಡಚಿದೆ, ಹೊಸ ಹಗ್ಗದಿಂದ ಬಿಗಿದಿದೆ. ಆ ಸಂಜೆಯಷ್ಟೇ ಅಂಗಡಿಯಿಂದ ಬಂದಿದ್ದ ಹಗ್ಗ. ಗಂಟನ್ನು ನಾನು ಮುಟ್ಟಿ ನೋಡಿದ್ದೇನೆ. ಎಡಗೈಯವರು ಹಾಕುವ ಗಂಟು ಅದು, ಸುತ್ತು ಉಲ್ಟಾ. ಬಾತು ಬಲಗೈಯವಳು, ಅತ್ತಿಗೆಯೂ ಬಲಗೈಯವರು.

ಹೊರಡಬೇಕಾದರೆ ಆ ಗಂಟು ಬಿಚ್ಚಬೇಕು. ಬಾತು ಇನ್ನೂ ಬಿಚ್ಚಿಲ್ಲ.