ಒಡಹುಟ್ಟಿದ ಎರಡು ನಾಯಿಗಳು

ಕಡಯಂನ ದನದ ಆಸ್ಪತ್ರೆಯಲ್ಲಿ ನಾನು ತೂಕಡಿಸುವ ಕೋಳಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಪಕ್ಕದಲ್ಲಿ ನಮ್ಮೂರ ಸೀನಿಚ್ಚಾಮಿ. ಅವನ ಕಾಲ ಬಳಿ ಮಲಗಿದ್ದ ನಾಯಿಯ ತೊಡೆಗೆ ಹಳೇ ಪಂಚೆ ಸುತ್ತಿತ್ತು. ಮೇಕೆ ಹಿಡಿದುಕೊಂಡು ಬಂದ ಚೆಲ್ಲತ್ತಾಯಿ ಅವನನ್ನು ಮಾತಿಗೆಳೆದಳು.

“ಏನಾಯ್ತಣ್ಣಾ ನಾಯಿಗೆ?”

“ಕಡಲೆಕಾಯಿ ಹೊಲಕ್ಕೆ ಕಾಡುಹಂದಿ ನುಗ್ಗಿತ್ತು ತಾಯಿ. ಈ ಸೂರ ಹಿಂದೆಮುಂದೆ ನೋಡದೆ ಮೇಲೆ ಬಿದ್ದ. ತೊಡೆ ಸೀಳಿಬಿಡ್ತು.”

“ಇವನ ಜೊತೆ ಹುಟ್ಟಿದ್ದು ಇನ್ನೊಂದಿತ್ತಲ್ಲ?”

“ಪೂವಾಯಿ. ತಟ್ಟೆ ಸದ್ದಾದ್ರೂ ಮಂಚದ ಕೆಳಗೆ ತೂರೋಳು. ದಂಡಪಿಂಡ, ಯಾರಿಗಾದ್ರೂ ಕೊಟ್ಟುಬಿಡೋಣ ಅಂತಿದ್ದೆ.”

“ಅವಳೇನು ಮಾಡಿದ್ಳು?”

“ಹಂದಿ ಕಂಡಿದ್ದೇ ಮನೆಗೆ ಓಡಿ ಊರು ಒಂದಾಗೋ ಹಂಗೆ ಬೊಗಳಿದ್ಳು. ನನ್ನ ಹೆಂಡತಿ ನಾಲ್ಕು ಜನರನ್ನ ಕರ್ಕೊಂಡು ಓಡಿ ಬಂದ್ಳು. ಇಲ್ಲದಿದ್ರೆ ಸೂರ ಉಳೀತಿರಲಿಲ್ಲ.”

“ನೀವೂ ಹೊಲದಲ್ಲೇ ಇದ್ರಲ್ಲ?”

“ಇದ್ದೆ. ಬೇವಿನ ಮರದ ಮೇಲೆ.”

“ಅಲ್ಲಿಂದ ಕೂಗಬಹುದಿತ್ತಲ್ಲಣ್ಣಾ?”

“ಬಾಯಿ ತೆಗೆದೆ, ಬರೀ ಗಾಳಿ ಬಂತು. ಆಮೇಲೆ ನನ್ನ ಇಳಿಸೋಕೆ ಏಣಿ ತಂದ್ರು.”

ಚೆಲ್ಲತ್ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮೇಕೆಯ ಹಗ್ಗ ಕೈಜಾರಿತು.

“ಈಗ್ಲೂ ಪೂವಾಯಿನ ಕೊಟ್ಬಿಡ್ತೀರಾ?”

ಅಷ್ಟರಲ್ಲಿ ಒಳಗಿಂದ ಕರೆದರು. ಸೀನಿಚ್ಚಾಮಿ ಸೂರನನ್ನು ಮಗುವಿನಂತೆ ಎತ್ತಿಕೊಂಡು ಎದ್ದ.

“ಹೆಂಡತೀನ ಕೇಳಿದೆ ತಾಯಿ. ‘ಮೂವತ್ತು ವರ್ಷದಿಂದ ಒಬ್ಬ ಪುಕ್ಕಲನ್ನ ಸಾಕ್ತಾ ಇದೀನಿ, ಇವಳಾದ್ರೂ ಹೆದರಿದಾಗ ಕೂಗ್ತಾಳೆ’ ಅಂದ್ಳು.”