ದೊಡ್ಡಕ್ಕ ಎತ್ತದ ಕೈ

ವೇದಿಕೆಯ ಹಿರಿಯರೇ, ಮುಂದಿನ ಸಾಲಿನಲ್ಲಿರುವ ದೊಡ್ಡಕ್ಕನ ತಂಗಿಯವರೇ, ಅವರ ಮಗನೇ, ವಕೀಲ ಮಿತ್ರರೇ, ಡ್ಯೂಟಿ ಮುಗಿಸಿ ಹಾಗೇ ಓಡಿ ಬಂದಿರುವ ನರ್ಸಮ್ಮಂದಿರೇ — ದೊಡ್ಡಕ್ಕನ ಈ ನುಡಿನಮನಕ್ಕೆ ಬಂದ ಎಲ್ಲರಿಗೂ ನಮಸ್ಕಾರ.

ಮಾತಾಡೋದೇ ನನ್ನ ಕಸುಬು. ಇವತ್ತು ತಡವರಿಸಿದರೆ — ಕ್ಷಮಿಸಿ.

ದೊಡ್ಡಕ್ಕ ಆಸ್ಪತ್ರೆಯ ಮುಖ್ಯ ನರ್ಸ್ ಆಗಿ ನಿವೃತ್ತರಾದವರು. ನ್ಯಾಯಾಧೀಶರನ್ನು ಆರಿಸುವ ಆಯೋಗದಲ್ಲಿ ಜನಸಾಮಾನ್ಯರ ಪರವಾಗಿ ಒಬ್ಬರು ಇರಬೇಕು. ಹಾಗೆ ಬಂದರು. ವಕೀಲರ ಪರವಾಗಿ ನಾನಿದ್ದೆ. ಪಕ್ಕಪಕ್ಕದ ಕುರ್ಚಿ.

ಒಮ್ಮೆ ಮಂತ್ರಿಗಳ ಕಡೆಯವರೊಬ್ಬರು ಅವರ ಮನೆಗೇ ಹೋಗಿ, ನಮ್ಮ ಹುಡುಗನ ಮೇಲೆ ಒಂದು ಕಣ್ಣಿರಲಿ ಅಂದರಂತೆ. ದೊಡ್ಡಕ್ಕ ಕನ್ನಡಕ ತೆಗೆದು — ಹೀಗೆ — ಒರೆಸುತ್ತಾ ಅಂದರಂತೆ: “ಇರೋದೇ ಎರಡು ಕಣ್ಣು, ಒಂದಕ್ಕೆ ಪೊರೆ ಬಂದಿದೆ. ಇನ್ನೊಂದನ್ನ ನಿಮ್ಮ ಹುಡುಗನ ಮೇಲಿಟ್ಟರೆ ಉಳಿದವರನ್ನ ಯಾವುದರಲ್ಲಿ ನೋಡಲಿ?”

ನಗಿ, ಪರವಾಗಿಲ್ಲ. ಅವರಿಗೆ ನಗು ಇಷ್ಟ.

ಆಮೇಲೆ ಆ ದಿನ ಬಂತು. ದೊಡ್ಡಕ್ಕನ ತಂಗಿಯವರೇ, ಅಮ್ಮಾ, ನಿಮ್ಮನ್ನು ಕೇಳಿಯೇ ಇದನ್ನು ಹೇಳ್ತಿದ್ದೀನಿ.

ಅಭ್ಯರ್ಥಿಗಳಲ್ಲಿ ದೊಡ್ಡಕ್ಕನ ತಂಗಿಯ ಮಗನೂ ಇದ್ದ. ಅವರೇ ಎತ್ತಿ ಆಡಿಸಿದ ಹುಡುಗ. ಸರ್ಕಾರದ ವಿರುದ್ಧ ಎದೆ ಕೊಟ್ಟು ವಾದಿಸಿದ್ದ ವಕೀಲ. ಹೆಸರು ಬಂದ ತಕ್ಷಣ ದೊಡ್ಡಕ್ಕ ಎದ್ದರು. “ಇವನು ನನ್ನ ಮಗನ ಸಮ” ಅಂದು ಹೊರಗೆ ನಡೆದರು. ಒಳಗೆ ಉಳಿದವರು ಆರು ಜನ. ಸರ್ಕಾರದ ಕಡೆಯ ಮೂವರು ಬೇಡ ಅಂದರು, ನಾವು ಮೂವರು ಬೇಕು ಅಂದೆವು. ಸಮ ಬಿದ್ದರೆ ನೇಮಕ ಇಲ್ಲ.

ಸಂಬಂಧ ಹೇಳಿಕೊಂಡ ಮೇಲೆ ಮತ ಹಾಕೋದಕ್ಕೆ ನಿಯಮದ ಅಡ್ಡಿ ಇರಲಿಲ್ಲ. ಕರೆತರೋಕೆ ನನ್ನನ್ನೇ ಕಳಿಸಿದರು. ದೊಡ್ಡಕ್ಕ ಪಡಸಾಲೆಯ ಬೆಂಚಿನ ಮೇಲಿದ್ದರು, ಎರಡೂ ಕೈ ಮಡಿಲಲ್ಲಿ.

“ಅವನಷ್ಟು ಯೋಗ್ಯ ಇನ್ನೊಬ್ಬನಿಲ್ಲ, ನನಗೆ ಗೊತ್ತು” ಅಂದರು. “ಆದರೆ ನಾನು ಕೈ ಎತ್ತಿದರೆ ಅವನು ಸಾಯೋ ತನಕ ದೊಡ್ಡಮ್ಮ ಮಾಡಿದ ಜಡ್ಜು. ಅವನ ಒಂದು ತೀರ್ಪನ್ನೂ ಯಾರೂ ನಂಬಲ್ಲ. ನೀವು ಹೋಗಿ.”

ಹೋದೆ. ಅವನ ಹೆಸರು ಬಿದ್ದುಹೋಯಿತು. ಮುಂದಿನ ಸಲಕ್ಕೆ ವಯಸ್ಸು ಮೀರಿತ್ತು.

ತಂಗಿ ಮಾತು ಬಿಟ್ಟರು. ಊರಿಗೆಲ್ಲ ನೆರಳಾದವಳು ನನ್ನ ಮಗನನ್ನ ಬಿಸಿಲಿಗೆ ನಿಲ್ಲಿಸಿದಳು ಅಂತ ನನ್ನೆದುರೇ ಅಂದರು. ತಪ್ಪು ಅನ್ನಲಾರೆ — ಹೆತ್ತ ಕರುಳು. ವರ್ಷಗಟ್ಟಲೆ ದೊಡ್ಡಕ್ಕ ಆ ಮನೆಯ ಬೀದಿಯಲ್ಲಿ ಹಾದು ಹೋಗೋರು, ಯಾರೂ ಬಾಗಿಲು ತೆಗೀತಿರಲಿಲ್ಲ.

ದೊಡ್ಡಕ್ಕ ಕಾಯಿಲೆ ಬಿದ್ದಾಗ ತಂಗಿ ಬಂದರು. ಬಂದು ಗಂಜಿ ಕುಡಿಸಿದರು, ಮಾತು ಮಾತ್ರ ಇಲ್ಲ. ಮಗನೂ ಬಂದ. ನಾನೂ ಅಲ್ಲೇ ಇದ್ದೆ. ಹಾಸಿಗೆಯ ಪಕ್ಕ ಕೂತು ಅವನು ಆ ವಾರದ ಒಂದು ಸಂಗತಿ ಹೇಳಿದ. ಸರ್ಕಾರದ ಮೇಲೆ ಕೇಸು ಹಾಕಿದ್ದ ಒಬ್ಬ ಹೆಣ್ಣುಮಗಳು, ಜಡ್ಜೂ ಅವರ ಕಡೆಯವರೇ ಇರ್ತಾರೆ ಅಂತ ಕೋರ್ಟಿನ ಮೆಟ್ಟಿಲ ಮೇಲೆ ಕುಸಿದು ಕೂತಳಂತೆ.

“ನಾನು ಅವಳಿಗಂದೆ, ದೊಡ್ಡಮ್ಮ — ‘ಒಳಗಿರೋ ಜಡ್ಜನ್ನ ಆರಿಸಿದವರಲ್ಲಿ ನಮ್ಮ ದೊಡ್ಡಮ್ಮನೂ ಒಬ್ಬರು. ತಾವೇ ಸಾಕಿದ ನನಗೇ ಅವರು ಕೈ ಎತ್ತಲಿಲ್ಲ. ಹೆದರಬೇಡ, ಬಾ.’ ಅವಳು ಎದ್ದು ಬಂದಳು.”

ದೊಡ್ಡಕ್ಕ ಗೋಡೆಯ ಕಡೆ ಮುಖ ತಿರುಗಿಸಿದರು. ಭುಜ ಅಲುಗುತ್ತಿತ್ತು. ಆಗ ತಂಗಿ ಬಟ್ಟಲು ಕೆಳಗಿಟ್ಟು, ಅವರ ಬೆನ್ನು ಸವರಿ, ಒಂದೇ ಮಾತು ಅಂದರು: “ಅಕ್ಕಾ.”

ಇನ್ನು ಮಾತು ಬೇಡ. ದಯವಿಟ್ಟು ಎಲ್ಲರೂ ಎದ್ದು ನಿಲ್ಲೋಣ. ಮಂಡಿ ನೋವಿರುವವರು ಕೂತೇ ಇರಿ, ಇಲ್ಲದಿದ್ದರೆ ದೊಡ್ಡಕ್ಕ ಗದರುತ್ತಾರೆ. ಸ್ವಲ್ಪ ಹೊತ್ತು — ಸುಮ್ಮನೆ, ಅವರ ಜೊತೆ ಇರೋಣ.