ಖಾಲಿ ಕಾರು

ಲೈಸೆನ್ಸ್ ಕಚೇರಿಯ ಸಾಲಿನಲ್ಲಿ ನಿಂತಿದ್ದ ಮೇಷ್ಟ್ರೊಬ್ಬರ ಮುಂದೆ ಒಬ್ಬ ಅಕ್ಕ, ಅವಳ ತಮ್ಮ. ಅಕ್ಕ ಗೋಡೆಯ ಫಲಕ ಓದಿ ತಮ್ಮನ ತೋಳು ಹಿಡಿದಳು.

“ಟ್ರೈಲರ್ ಮೇಲೆ ಕಾರು ಎಳ್ಕೊಂಡು ಹೋಗೋಕೂ ತೂಕದ ಮಿತಿ ಇದೆಯಂತಲ್ಲೋ!”

“ಲೆಕ್ಕ ಹಾಕೇ ಭಾವನ್ನ ಕಳಿಸಿದ್ದೀನಿ. ಅವರ ಲೈಸೆನ್ಸಿನ ಮಿತಿಗೆ ಇನ್ನೂ ನೂರು ಕಿಲೋ ಮಿಕ್ಕಿದೆ.”

“ಕಾರೊಳಗಿನ ಸಾಮಾನೂ ಸೇರಿಸಿಯಾ?”

“ಖಾಲಿ ಕಾರಲ್ವೇನಕ್ಕಾ?”

“ಜಾಗ ಯಾಕೆ ದಂಡ ಅಂತ ನನ್ನ ಹೊಲಿಗೆ ಮಷಿನ್ ತುಂಬಿಸಿದೆ. ಐದೂ.”

“ಒಂದೊಂದೂ ಮೂವತ್ತು ಕಿಲೋ ಇದೆಯಲ್ಲ!” ತಮ್ಮ ಬೆರಳು ಮಡಚಿ ಎಣಿಸಿದ. “ಭಾವ ಹೋಗೋ ದಾರಿ ಉದ್ದಕ್ಕೂ ಇಳಿಜಾರು ಕಣಕ್ಕಾ! ಬ್ರೇಕ್ ಹಿಡಿಯಲ್ಲ. ಪೊಲೀಸರು ಹಿಡಿದರೇ ನಮ್ಮ ಪುಣ್ಯ. ಫೋನ್ ಮಾಡು.”

ಅವಳು ಮಾಡಿದಳು, ಮತ್ತೆ ಮಾಡಿದಳು. “ಎತ್ತಲ್ವಲ್ಲೋ.”

“ಯಾಕೆ?”

ಇಬ್ಬರೂ ಆಗಲೇ ಸಾಲು ಬಿಟ್ಟು ಓಡುತ್ತಿದ್ದರು. ಉತ್ತರ ಮೇಷ್ಟ್ರಿಗೆ ಬಾಗಿಲಿನಿಂದ ಕೇಳಿಸಿತು.

“ಗಾಡಿ ಓಡಿಸೋವಾಗ ಫೋನ್ ಮುಟ್ಟಿದರೆ ನನ್ನಾಣೆ ಅಂದಿದ್ದೆ ಕಣೋ!”